ಆಯರ್ವಿನ್ ಸೇತುವೆಗೆ ನೂರು ತುಂಬುವ ಮೊದಲು: ಸಾಂಗ್ಲಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಸಾಂಗ್ಲಿ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಹಾರಾಷ್ಟ್ರದ ಲೋಕೋಪಯೋಗಿ ಮತ್ತು ಜಲಸಂಪನ್ಮೂಲ ಇಲಾಖೆಗಳ ಮಾನ್ಯ ಅಧಿಕಾರಿಗಳಿಗೆ, ಹಾಗೂ ಕೃಷ್ಣಾ ತೀರದ ಕನ್ನಡ ಬಂಧುಗಳಿಗೆ,

ಸವಿನಯ ನಮಸ್ಕಾರಗಳು.

ಸಾಂಗ್ಲಿ ಪೇಟೆಯ ಪಶ್ಚಿಮಕ್ಕೆ ಕೃಷ್ಣಾ ನದಿಯ ಮೇಲೆ ನಿಂತಿರುವ ಆಯರ್ವಿನ್ ಸೇತುವೆಗೆ 2029ರ ನವೆಂಬರಿನಲ್ಲಿ ನೂರು ವರ್ಷ ತುಂಬುತ್ತದೆ. ಆ ಹೊತ್ತಿಗೆ ದೀಪಾಲಂಕಾರ, ಸಭೆ, ಶಾಲು, ಹಾರ ಎಲ್ಲವೂ ಆಗುತ್ತವೆ; ಆಗಲಿ, ಬೇಡವೆನ್ನುವವನು ನಾನಲ್ಲ. ಆದರೆ ಅದಕ್ಕೆ ಮೊದಲು ಆಗಬೇಕಾದ ಒಂದು ಕೆಲಸವಿದೆ. ಈ ಸೇತುವೆಯ ಇತಿಹಾಸವನ್ನು, ಅದರಲ್ಲಿಯೂ ಮುಖ್ಯವಾಗಿ ಅದರ ಕಂಬದ ಮೇಲೆ ಮಳೆಗಾಲದಿಂದ ಮಳೆಗಾಲಕ್ಕೆ ಓದಲಾಗುತ್ತಿರುವ ನೀರಿನ ಅಳತೆಯ ದಾಖಲೆಯನ್ನು ಒಂದೆಡೆ ಸೇರಿಸಿ, ಸಾರ್ವಜನಿಕರಿಗೆ ಕಾಣುವಂತೆ, ಮರಾಠಿ ಮತ್ತು ಕನ್ನಡ ಎರಡೂ ಭಾಷೆಗಳಲ್ಲಿ ಇಡಬೇಕು ಎಂಬುದು ಈ ಪತ್ರದ ಬೇಡಿಕೆ.

ನಾನು ಜತ್ತ ತಾಲೂಕಿನವನು. ಕನ್ನಡ ಶಾಲೆಯಲ್ಲಿ ಓದಿ, ಸಾಂಗ್ಲಿಯ ಒಂದು ಅಡತಿ (ದಲಾಲಿ) ಅಂಗಡಿಯಲ್ಲಿ ಕೀರ್ದಿ, ಖಾತೆ ಬರೆಯುತ್ತ ಹೊಟ್ಟೆ ಹೊರೆದವನು. ಇದರ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಬೇರೆಯಾಗಿ ಸಲ್ಲಿಸುತ್ತಿದ್ದೇನೆ. ಆದರೂ ಕನ್ನಡದಲ್ಲಿ ಬಹಿರಂಗವಾಗಿ ಬರೆಯುವುದಕ್ಕೆ ಕಾರಣವಿದೆ. ಈ ಸೇತುವೆಯ ಅಳತೆಯನ್ನು ಕೇಳಿಕೊಂಡು ದನಕರು ಬಿಚ್ಚುವ, ಧಾನ್ಯದ ಚೀಲ ಎತ್ತಿಡುವ, ಮುದುಕರನ್ನೂ ಬಾಣಂತಿಯರನ್ನೂ ಬೀಗರ ಊರಿಗೆ ಕಳಿಸುವ ಸಾವಿರಾರು ಕುಟುಂಬಗಳು ನದಿಯ ಕೆಳಗಿನ ಪಾತ್ರದಲ್ಲಿ, ಕರ್ನಾಟಕದ ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳಲ್ಲಿವೆ. ಆ ಜನರ ಪರವಾಗಿ ಸಾಂಗ್ಲಿಯ ಕಚೇರಿಗೆ ಬರೆಯುವವರು ಯಾರೂ ಇಲ್ಲ; ಅವರ ಕಚೇರಿಗಳು ಬೆಳಗಾವಿಯಲ್ಲಿವೆ.

ಇತಿಹಾಸದಿಂದಲೇ ಪ್ರಾರಂಭಿಸುತ್ತೇನೆ. 1929ರಲ್ಲಿ ಈ ಸೇತುವೆ ಉದ್ಘಾಟನೆಯಾದಾಗ ಸಾಂಗ್ಲಿಯು ಬ್ರಿಟಿಷರ ನೇರ ಆಳ್ವಿಕೆಯಲ್ಲಿರಲಿಲ್ಲ. ಪಟವರ್ಧನ ಮನೆತನದ ಸಂಸ್ಥಾನವದು. ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು ಆಗ ಸಂಸ್ಥಾನಿಕರು. ಅಂದಿನ ವೈಸ್‌ರಾಯ್ ಲಾರ್ಡ್ ಆಯರ್ವಿನ್ನರು ಬಂದು ಸೇತುವೆಯನ್ನು ಉದ್ಘಾಟಿಸಿದರು, ಅವರ ಹೆಸರೇ ಅದಕ್ಕೆ ಉಳಿಯಿತು. ಅದೇ ವರ್ಷದ ಅಕ್ಟೋಬರ್ 31ರಂದು ಭಾರತಕ್ಕೆ ಮುಂದೆ ಡೊಮಿನಿಯನ್ ಸ್ಥಾನ, ಅಂದರೆ ಬ್ರಿಟಿಷ್ ಸಾಮ್ರಾಜ್ಯದೊಳಗೇ ಸ್ವಯಮಾಡಳಿತ, ಸಿಗುವುದೆಂಬ ಘೋಷಣೆಯನ್ನು ಅವರು ಹೊರಡಿಸಿದ್ದರು. ಅದಾದ ಕೆಲವೇ ವಾರಗಳಲ್ಲಿ ದೇಶವೆಲ್ಲ ಆ ಮಾತನ್ನೇ ಚರ್ಚಿಸುತ್ತಿರುವಾಗ ಸಾಂಗ್ಲಿಯ ಹೊಳೆದಂಡೆಯಲ್ಲಿ ಈ ಸಮಾರಂಭ ನಡೆಯಿತು. ಹೆಸರು ಬದಲಿಸಬೇಕೆನ್ನುವವರು ಆಗಾಗ ಎಲ್ಲ ಊರುಗಳಲ್ಲಿಯೂ ಏಳುತ್ತಾರೆ. ಆ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಪೇಟೆಯ ಹಮಾಲನಿಗೂ ಹಳ್ಳಿಯ ರೈತನಿಗೂ ಅದು ಆಯರ್ವಿನ್ ಪೂಲು, ಅಷ್ಟೇ.

ಆ ಸಂಸ್ಥಾನದ ನಕ್ಷೆಯನ್ನು ಒಮ್ಮೆ ನೋಡಿದವರಿಗೆ ಈ ಸೇತುವೆಗೂ ಕನ್ನಡಿಗರಿಗೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದಿಲ್ಲ. ಸಾಂಗ್ಲಿ ಸಂಸ್ಥಾನವು ಒಂದೇ ಕಡೆ ಹರಡಿಕೊಂಡ ಸೀಮೆಯಾಗಿರಲಿಲ್ಲ, ಚದುರಿಬಿದ್ದ ತುಂಡುಗಳಾಗಿತ್ತು. ಮೀರಜ ಪ್ರಾಂತ, ಮಂಗಳವೇಢೆಗಳ ಜೊತೆಗೆ ಇಂದಿನ ಬಾಗಲಕೋಟೆ ಜಿಲ್ಲೆಯ ತೇರದಾಳ, ಇಂದಿನ ಗದಗ ಜಿಲ್ಲೆಯ ಶಿರಹಟ್ಟಿ, ಇಂದು ಬೆಳಗಾವಿ ನಗರದೊಳಗೇ ಸೇರಿಹೋಗಿರುವ ಶಹಾಪುರ, ಇವೆಲ್ಲ ಸಾಂಗ್ಲಿಯ ತಾಲೂಕುಗಳಾಗಿದ್ದವು. ತೇರದಾಳದ ರೈತನು ಕಟ್ಟಿದ ಕಂದಾಯವೂ ಶಹಾಪುರದ ನೇಕಾರ ಮತ್ತು ವರ್ತಕರು ಕೊಟ್ಟ ಸುಂಕವೂ ಬಂದು ಬೀಳುತ್ತಿದ್ದುದು ಇದೇ ಸಾಂಗ್ಲಿಯ ಖಜಾನೆಗೆ. 1948ರ ಮಾರ್ಚಿನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಹೆಸರಿನ ಹೊಸ ಜಿಲ್ಲೆ ಆಯಿತು, ನಮ್ಮ ಡಫಳೆ ಮನೆತನದ ಜತ್ತ ಸಂಸ್ಥಾನವೂ ಅದರಲ್ಲಿಯೇ ಸೇರಿತು. 1956ರ ನವೆಂಬರ್ 1ರಂದು ಬೆಳಗಾವಿ, ವಿಜಾಪುರ, ಧಾರವಾಡಗಳು ಮೈಸೂರು ರಾಜ್ಯಕ್ಕೆ ಹೋದವು, ಅವುಗಳೊಂದಿಗೆ ತೇರದಾಳ, ಶಿರಹಟ್ಟಿ, ಶಹಾಪುರಗಳೂ ಹೋದವು. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು, ದಕ್ಷಿಣ ಸಾತಾರಾ ಜಿಲ್ಲೆ ಸಾಂಗ್ಲಿ ಎಂಬ ಹೆಸರು ಪಡೆಯಿತು. ಸೇತುವೆ ಕಟ್ಟಿ ಮೂವತ್ತೊಂದೇ ವರ್ಷಗಳಲ್ಲಿ ಇಷ್ಟೆಲ್ಲ ನಡೆದುಹೋಯಿತು. ಗಡಿ ಎಲ್ಲಿರಬೇಕಿತ್ತು ಎಂಬ ತಕರಾರಿಗೆ ಈ ಪತ್ರದಲ್ಲಿ ಜಾಗವಿಲ್ಲ, ಅದು ಸುಪ್ರೀಂ ಕೋರ್ಟಿನ ಮುಂದಿದೆ. ನಾನು ಹೇಳುವುದು ಇಷ್ಟೇ: ಸೇತುವೆಯ ಇತಿಹಾಸ ಬರೆಯುವವರು ಅದನ್ನು ಕಟ್ಟಿದ ಸಂಸ್ಥಾನದ ಕನ್ನಡ ಪ್ರಜೆಗಳನ್ನು ಬಿಟ್ಟು ಬರೆದರೆ ಲೆಕ್ಕ ಕೂಡುವುದಿಲ್ಲ.

ಪೇಟೆಯ ದೃಷ್ಟಿಯಿಂದ ನೋಡಿದರೆ ಸೇತುವೆಯ ಅಗತ್ಯ ಇನ್ನೂ ಸ್ಪಷ್ಟವಾಗುತ್ತದೆ. ಸಾಂಗ್ಲಿ ಊರು ಕೃಷ್ಣೆಯ ಎಡದಂಡೆಯ ಮೇಲಿದೆ. ಎದುರಿಗೆ ಸಾಂಗ್ಲಿವಾಡಿ, ಅದನ್ನು ದಾಟಿದರೆ ಇಸ್ಲಾಂಪುರ, ಪೇಠ, ಅಲ್ಲಿಂದ ಪುಣೆ–ಬೆಂಗಳೂರು ಹೆದ್ದಾರಿ. ಸಾಂಗ್ಲಿಗೆ ಮೀರಜಿನಿಂದ ರೈಲು 1907ರಲ್ಲಿಯೇ ಬಂದಿತ್ತು. ಆದರೆ ರೈಲು ಬಂದದ್ದು ಈ ದಂಡೆಗೆ. ಬೆಲ್ಲ, ಅರಿಶಿನ, ಶೇಂಗಾ ಬೆಳೆಯುವ ವಾಳವೆ ತಾಲೂಕಿನ ಕಪ್ಪು ನೆಲವೆಲ್ಲ ಆ ದಂಡೆಗೆ. ನಡುವೆ ಮಳೆಗಾಲದಲ್ಲಿ ದೋಣಿಯವನೂ ಹುಟ್ಟು ಹಾಕಲು ಹೆದರುವ ಹೊಳೆ. ಬೇಸಿಗೆಯಲ್ಲಿ ನೀರು ತೆಳ್ಳಗಾದಾಗ ದಾಟುವುದು ಸುಲಭ, ಆದರೆ ಆಷಾಢ, ಶ್ರಾವಣಗಳಲ್ಲಿ ಎರಡು ದಂಡೆಗಳೂ ಎರಡು ದೇಶಗಳಾಗುತ್ತಿದ್ದವು. ಕಲ್ಲಿನ ಕಮಾನುಗಳ ಈ ಸೇತುವೆ ಬಂದ ಮೇಲೆ ಆ ತಡೆ ತಪ್ಪಿತು, ಸಾಂಗ್ಲಿ ಪೇಟೆ ಬೆಳೆದ ರೀತಿಯಲ್ಲಿ ಅದರ ಪಾಲು ದೊಡ್ಡದು. ಇಂದು ಸಾಂಗ್ಲಿಯ ಅರಿಶಿನಕ್ಕೂ ಒಣದ್ರಾಕ್ಷಿಗೂ ಭೌಗೋಳಿಕ ಸೂಚಿಕೆಯ ಮನ್ನಣೆಯಿದೆ. ಲಿಲಾವಿನ ದಿನ ಮಾರ್ಕೆಟ್ ಯಾರ್ಡಿಗೆ ಬಂದರೆ ಮರಾಠಿಯಷ್ಟೇ ಸಲೀಸಾಗಿ ಕನ್ನಡ ಕೇಳಿಸುತ್ತದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅರಿಶಿನ ಬಂದು ಬೀಳುವುದೂ ಇಲ್ಲಿಯೇ.

ಸೇತುವೆಯಿಂದ ಸ್ವಲ್ಪ ಕೆಳಗೆ, ವಾರಣಾ ನದಿ ಬಂದು ಕೃಷ್ಣೆಗೆ ಕೂಡುವ ಹರಿಪುರದಲ್ಲಿ, ಅರಿಶಿನವನ್ನು ನೆಲದಡಿಯ ಹಗೇವುಗಳಲ್ಲಿ ತುಂಬಿಡುವ ಪದ್ಧತಿಯಿತ್ತು. ನಮ್ಮ ಕಡೆಯಲ್ಲಿ ಜೋಳ ತುಂಬುವ ಹಗೇವಿನಂಥದ್ದೇ, ಮರಾಠಿಯವರು ಅದಕ್ಕೆ ಪೇವು ಎನ್ನುತ್ತಾರೆ: ಕಿರಿದಾದ ಬಾಯಿ, ಒಳಗೆ ಅಗಲವಾದ ಹೊಟ್ಟೆ, ಗಟ್ಟಿ ಮಣ್ಣಿನ ಗೋಡೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹಿಡಿಯದೆ, ಬಣ್ಣ ಕೆಡದೆ ಅರಿಶಿನ ಉಳಿಯುತ್ತಿತ್ತು. ಮಾಲು ಕಣ್ಣಿಗೆ ಕಾಣದಿದ್ದರೂ ಹಗೇವಿನ ಚೀಟಿಯ ಮೇಲೆಯೇ ವ್ಯಾಪಾರ ನಡೆಯುತ್ತಿತ್ತು. 2005ರ ನೆರೆಯಲ್ಲಿ ನೀರು ಹೊಕ್ಕು ಆ ಹಗೇವುಗಳು ಹಾಳಾದವು, ಒಳಗಿದ್ದ ಮಾಲು ಕೊಳೆಯಿತು, ಅಲ್ಲಿಂದೀಚೆಗೆ ವರ್ತಕರು ಗೋದಾಮು, ಶೀತಲಗೃಹಗಳ ಕಡೆಗೆ ಹೊರಳಿದರು. ಸೇತುವೆಯ ಕಂಬದ ಮೇಲೆ ನೀರು ಎಷ್ಟು ಏರಿತು ಎಂಬುದು ಬರೀ ಹೊಳೆಯ ಸುದ್ದಿಯಲ್ಲ, ಪೇಟೆಯ ಸುದ್ದಿಯೂ ಹೌದು ಎಂಬುದಕ್ಕೆ ಇದನ್ನು ಹೇಳಿದೆ.

ಈಗ ಆ ಕಂಬದ ವಿಷಯಕ್ಕೆ ಬರುತ್ತೇನೆ. ಆಯರ್ವಿನ್ ಸೇತುವೆಯ ಬಳಿ ನೀರಿನ ಮಟ್ಟವನ್ನು ಅಡಿಗಳಲ್ಲಿ ಓದುತ್ತಾರೆ. 40 ಅಡಿ ಎಚ್ಚರಿಕೆಯ ಮಟ್ಟ, 45 ಅಡಿ ಅಪಾಯದ ಮಟ್ಟ. 40ರ ಹತ್ತಿರ ಬಂತೆಂದರೆ ಊರಿನ ತಗ್ಗು ಭಾಗಗಳಾದ ಸೂರ್ಯವಂಶಿ ಪ್ಲಾಟ್, ದತ್ತನಗರ, ಕರ್ನಾಳ ರಸ್ತೆಗಳ ಜನ ಗಂಟುಮೂಟೆ ಕಟ್ಟುತ್ತಾರೆ. 2005ರಲ್ಲಿ ನೀರು 53 ಅಡಿ ದಾಟಿತು. ಇದಕ್ಕಿಂತ ಹೆಚ್ಚು ಬರಲಾರದು ಎಂದು ಎಲ್ಲರೂ ನಂಬಿದ್ದರು, ಆ ನಂಬಿಕೆಯ ಮೇಲೆಯೇ ಮನೆಗಳನ್ನೂ ಅಂಗಡಿಗಳನ್ನೂ ಕಟ್ಟಿಕೊಂಡರು. 2019ರ ಆಗಸ್ಟಿನಲ್ಲಿ ಅದು 57 ಅಡಿ ದಾಟಿತು. ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಜೀವಗಳು ಹೋದದ್ದು ಆಗಲೇ. 2021ರ ಜುಲೈಯಲ್ಲಿ ಮತ್ತೆ 55 ಅಡಿಯ ಸಮೀಪಕ್ಕೆ ಬಂತು.

ಅಡತಿ ಅಂಗಡಿಯ ಗುಮಾಸ್ತರಿಗೆ ಒಂದು ರೂಢಿಯಿದೆ. ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಕೀರ್ದಿಯ ಪುಟದ ಅಂಚಿನಲ್ಲಿ, ಆ ದಿನದ ಧಾರಣೆಯ ಪಕ್ಕದಲ್ಲಿ, ಸೇತುವೆಯ ಅಡಿಯನ್ನೂ ಪೆನ್ಸಿಲಿನಲ್ಲಿ ಗುರುತಿಸುತ್ತೇವೆ. ಯಾರೂ ಹೇಳಿಕೊಟ್ಟದ್ದಲ್ಲ. ಪೇರಿಸಿಟ್ಟ ಥಪ್ಪಿಯ ಕೆಳಗಿನ ಸಾಲಿನ ಚೀಲಗಳನ್ನು ಯಾವಾಗ ಅಟ್ಟಕ್ಕೆ ಏರಿಸಬೇಕು, ಹಮಾಲರನ್ನು ರಾತ್ರಿ ನಿಲ್ಲಿಸಿಕೊಳ್ಳಬೇಕೋ ಬೇಡವೋ, ಇಸ್ಲಾಂಪುರದ ದಾರಿಯ ಗಾಡಿಯನ್ನು ತುಂಬಿಸಬೇಕೋ ಇಲ್ಲವೋ, ಇದೆಲ್ಲ ಆ ಅಂಕಿಯ ಮೇಲೆ ನಿಂತಿರುತ್ತದೆ. ಆ ದಿನಗಳಲ್ಲಿ ಅಂಗಡಿಯ ಫೋನಿಗೆ ಬರುವ ಕರೆಗಳಲ್ಲಿ ಧಾರಣೆ ಕೇಳುವವರು ಕಡಿಮೆ. "ದಿವಾಣಜಿಯವರ, ಪೂಲಿಗೆ ಎಷ್ಟು ಫೂಟ ಆಗೇತ್ರಿ? ಏರಾಕತ್ತೈತೋ ಇಳ್ಯಾಕತ್ತೈತೋ ಅಷ್ಟ ಹೇಳ್ರಿ" ಎಂದು ಉಗಾರದಿಂದ, ಕುಡಚಿಯಿಂದ, ಯಡೂರಿನ ಕಡೆಯಿಂದ ನಮ್ಮ ಗಿರಾಕಿಗಳು ಕೇಳುತ್ತಾರೆ. ಇಲ್ಲಿ ಏರಿದ ನೀರು ತಮ್ಮ ಊರಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕ ಅವರ ತಲೆಯಲ್ಲಿದೆ. ಇಷ್ಟು ಮುಖ್ಯವಾದ ಮಾಹಿತಿಯು ಗಡಿಯಾಚೆಯ ರೈತನಿಗೆ ಇವತ್ತಿಗೂ ಪರಿಚಯದ ಅಂಗಡಿಯ ಗುಮಾಸ್ತನ ಬಾಯಿಂದ ತಲುಪುತ್ತಿದೆಯೆಂದರೆ ಅದು ನನಗೆ ಹೆಮ್ಮೆಯ ವಿಷಯವಲ್ಲ, ಚಿಂತೆಯ ವಿಷಯ.

ಕೃಷ್ಣೆಯ ಒಂದೇ ನೆರೆಯನ್ನು ನಾಲ್ಕು ಬಗೆಯಲ್ಲಿ ಅಳೆಯಲಾಗುತ್ತದೆ ಎಂಬುದನ್ನು ತಾವು ಬಲ್ಲಿರಿ, ಆದರೆ ಸಾಮಾನ್ಯ ಓದುಗರಿಗಾಗಿ ಬಿಡಿಸಿ ಹೇಳುತ್ತೇನೆ. ಮೇಲೆ ಕೊಯ್ನಾ ಜಲಾಶಯದ ಸಂಗ್ರಹವನ್ನು ಟಿಎಂಸಿಯಲ್ಲಿ, ಅಂದರೆ ನೂರು ಕೋಟಿ ಘನ ಅಡಿಗಳ ಲೆಕ್ಕದಲ್ಲಿ ಹೇಳುತ್ತಾರೆ. ಅದರ ಒಟ್ಟು ಸಾಮರ್ಥ್ಯ ಸುಮಾರು 105 ಟಿಎಂಸಿ. ಗಡಿಯ ಸಮೀಪದ ರಾಜಾಪುರ ಬ್ಯಾರೇಜಿನಿಂದ ಕರ್ನಾಟಕಕ್ಕೆ ಹರಿದುಬರುವ ನೀರನ್ನು ಕ್ಯೂಸೆಕ್ಕಿನಲ್ಲಿ, ಅಂದರೆ ಒಂದು ಸೆಕೆಂಡಿಗೆ ಎಷ್ಟು ಘನ ಅಡಿ ಎಂದು ಹೇಳುತ್ತಾರೆ. ಆಲಮಟ್ಟಿ ಜಲಾಶಯದ ಮಟ್ಟವನ್ನು ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎತ್ತರ ಎಂದು ಹೇಳುತ್ತಾರೆ. ಅಲ್ಲಿ ಈಗಿನ ಪೂರ್ಣ ಮಟ್ಟ 519.60 ಮೀಟರ್. ನಡುವೆ ಸಾಂಗ್ಲಿಯಲ್ಲಿ ಮಾತ್ರ ಅಡಿ, ಅದೂ ಸ್ಥಳೀಯ ಶೂನ್ಯದಿಂದ ಎಣಿಸಿದ ಅಡಿ. ಕೊಯ್ನೆಯ ಟಿಎಂಸಿಯಾಗಲಿ ರಾಜಾಪುರದ ಕ್ಯೂಸೆಕ್ಕಾಗಲಿ ಕಣ್ಣಿಗೆ ಕಾಣುವ ವಸ್ತುವಲ್ಲ. ದಂಡೆಯ ಮೇಲೆ ನಿಂತ ಯಾರಾದರೂ ತಾನೇ ಓದಿ ತಿಳಿಯಬಹುದಾದದ್ದು ಸೇತುವೆಯ ಕಂಬದ ಅಂಕಿಯೊಂದೇ. ಜನ ಅದನ್ನು ನಂಬುವುದೂ ಅದಕ್ಕಾಗಿಯೇ.

ಆದರೆ ಆ ಅಂಕಿಯಿಂದ ಗೊಂದಲವೂ ಹುಟ್ಟಿದೆ. ಪ್ರತಿ ನೆರೆಯ ನಂತರ ಸಾಂಗ್ಲಿಯಲ್ಲಿ, ಹಿನ್ನೀರಿನಿಂದಲೇ ಊರು ಮುಳುಗಿತೆಂದು, ಆಲಮಟ್ಟಿಯ ಮೇಲೆ ಆರೋಪ ಬರುತ್ತದೆ, ವಿಜಯಪುರ, ಬಾಗಲಕೋಟೆಗಳಲ್ಲಿ ಅದಕ್ಕೆ ಉತ್ತರ ಬರುತ್ತದೆ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅವರ ಅಧ್ಯಕ್ಷತೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅವಕಾಶ ಕೊಟ್ಟಾಗಿನಿಂದ ಈ ಜಗಳ ಇನ್ನೂ ಬಿಗಿಯಾಗಿದೆ. 2019ರ ನೆರೆಯ ಬಳಿಕ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡನೆರೆ ಸಮಿತಿಯು ಆಲಮಟ್ಟಿಯ ಹಿನ್ನೀರಿನಿಂದ ಸಾಂಗ್ಲಿ ಮುಳುಗಿತೆಂಬ ವಾದವನ್ನು ಒಪ್ಪಲಿಲ್ಲ. ಒಪ್ಪದವರು ಈಗಲೂ ಇದ್ದಾರೆ, ಅವರ ವಾದವನ್ನು ಅಧ್ಯಯನದಿಂದಲೇ ಎದುರಿಸಬೇಕು. ನನ್ನ ಮಾತು ಅದಕ್ಕಿಂತ ಸಣ್ಣದು. ಚಹಾ ಅಂಗಡಿಯಲ್ಲಿ ಈ ವಿಷಯ ವಾದಿಸುವ ಇಬ್ಬರಲ್ಲಿ ಒಬ್ಬನ ಕೈಯಲ್ಲಿ ಸೇತುವೆಯ 57 ಅಡಿ, ಇನ್ನೊಬ್ಬನ ಕೈಯಲ್ಲಿ ಆಲಮಟ್ಟಿಯ 519 ಮೀಟರ್ ಇರುತ್ತದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಬೇಕಾದ ಒಂದು ಅಂಕಿ ಇಬ್ಬರ ಬಳಿಯೂ ಇರುವುದಿಲ್ಲ. ಆಯರ್ವಿನ್ ಸೇತುವೆಯ ಅಳತೆಪಟ್ಟಿಯ ಶೂನ್ಯವು ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂಬುದೇ ಆ ಅಂಕಿ. ಅದು ಗುಟ್ಟಿನ ವಿಷಯವಲ್ಲ, ತಮ್ಮ ಇಲಾಖೆಯ ದಿನವಹಿ ವರದಿಗೆ ಅದರ ಆಧಾರ ಬೇಕೇಬೇಕು. ಅದನ್ನು ಸೇತುವೆಯ ಎರಡೂ ತುದಿಗಳಲ್ಲಿ ಫಲಕ ಹಾಕಿ ದೊಡ್ಡ ಅಕ್ಷರಗಳಲ್ಲಿ ಬರೆಸಿ, 40 ಮತ್ತು 45 ಅಡಿಗಳ ಎದುರಿಗೆ ಅವುಗಳ ಮೀಟರ್ ಮಟ್ಟವನ್ನೂ ಬರೆಸಿದರೆ, ಕನಿಷ್ಠ ಪಕ್ಷ ಜಗಳವಾದರೂ ಸರಿಯಾದ ಲೆಕ್ಕದ ಮೇಲೆ ನಡೆಯುತ್ತದೆ.

ಸಾಂಗ್ಲಿಯಲ್ಲಿ ನೀರು ಏಕೆ ನಿಲ್ಲುತ್ತದೆ ಎಂಬುದಕ್ಕೆ ಹಳಬರು ಕೊಡುತ್ತಿದ್ದ ವಿವರಣೆಯನ್ನೂ ಆ ಫಲಕದ ಮೇಲೆ ಒಂದು ನಕ್ಷೆಯಾಗಿ ಹಾಕಬಹುದು. ಸೇತುವೆಯ ಕೆಳಗೆ ಹರಿಪುರದಲ್ಲಿ ವಾರಣೆ ಕೂಡುತ್ತದೆ, ಮತ್ತೂ ಕೆಳಗೆ ನರಸೋಬಾವಾಡಿಯಲ್ಲಿ ಪಂಚಗಂಗೆ ಕೂಡುತ್ತದೆ. ಸಹ್ಯಾದ್ರಿಯಲ್ಲಿ ಏಕಕಾಲಕ್ಕೆ ಮಳೆ ಹೊಡೆದು ಮೂರೂ ನದಿಗಳು ಒಮ್ಮೆಗೇ ತುಂಬಿ ಬಂದರೆ, ಕೃಷ್ಣೆಗೆ ಮುಂದೆ ಸರಿಯಲು ದಾರಿಯಿಲ್ಲದೆ ನೀರು ಹಿಂದಕ್ಕೆ ಒತ್ತಿ ಸಾಂಗ್ಲಿಯ ತಗ್ಗುಗಳಲ್ಲಿ ಹರಡುತ್ತದೆ. ಅಡಿಯ ಪಟ್ಟಿ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಇದನ್ನು ನರಸೋಬಾವಾಡಿಯ ದತ್ತನ ಗುಡಿಯಿಂದ ತಿಳಿಯುತ್ತಿದ್ದರು: ನೀರು ಗುಡಿಯೊಳಗೆ ಬಂದು ಪಾದುಕೆಗಳ ಮೇಲೆ ಹರಿದು ದಕ್ಷಿಣದ ಬಾಗಿಲಿನಿಂದ ಹೊರಬಿದ್ದರೆ ಅದು ದಕ್ಷಿಣದ್ವಾರ, ಭಕ್ತರಿಗೆ ಪುಣ್ಯಸ್ನಾನದ ಗಳಿಗೆ, ದಂಡೆಯ ರೈತನಿಗೆ ಎಚ್ಚರಿಕೆಯ ಗಳಿಗೆ. ಅಥಣಿ, ಚಿಕ್ಕೋಡಿಯ ಕಡೆಯ ಎಷ್ಟೋ ಮನೆಗಳಲ್ಲಿ ಹೊಳೆಯ ಹೆಚ್ಚುಕಡಿಮೆಯನ್ನು ಇನ್ನೂ ಹೀಗೆಯೇ ಹೇಳುತ್ತಾರೆ.

ಇನ್ನು ಸೇತುವೆಯ ಭದ್ರತೆಯ ಮಾತು. ಹಳೆಯ ಸೇತುವೆಯನ್ನು ಕೆಡವಿಬಿಡಿ ಎನ್ನುವವರ ಬಳಿ ಎರಡು ಕಾರಣಗಳಿವೆ, ಎರಡನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂದು, ಹಳೆಯ ಕಲ್ಲಿನ ಸೇತುವೆಗಳ ಕಂಬಗಳು ದಪ್ಪವಾಗಿರುತ್ತವೆ, ಅವು ನೀರಿಗೆ ಅಡ್ಡ ನಿಂತು ಮೇಲ್ಭಾಗದಲ್ಲಿ ಮಟ್ಟವನ್ನು ಸ್ವಲ್ಪವಾದರೂ ಏರಿಸುತ್ತವೆ. ಎರಡು, 2016ರ ಆಗಸ್ಟ್ 2ರ ರಾತ್ರಿ ರಾಯಗಡ ಜಿಲ್ಲೆಯ ಮಹಾಡದ ಬಳಿ ಮುಂಬಯಿ–ಗೋವಾ ಹೆದ್ದಾರಿಯಲ್ಲಿ ಸಾವಿತ್ರಿ ನದಿಯ ಮೇಲಿನ ಬ್ರಿಟಿಷ್ ಕಾಲದ ಕಲ್ಲಿನ ಸೇತುವೆ ನೆರೆಯಲ್ಲಿ ಕೊಚ್ಚಿಹೋಯಿತು, ಎರಡು ಎಸ್‌ಟಿ ಬಸ್ಸುಗಳು ಅದರೊಂದಿಗೆ ಹೋದವು. ಅದೂ ಹೆಚ್ಚುಕಡಿಮೆ ನಮ್ಮ ಸೇತುವೆಯ ವಾರಿಗೆಯದೇ. ಆದರೆ ವಯಸ್ಸೊಂದನ್ನೇ ಹಿಡಿದು ತೀರ್ಮಾನಿಸುವವರು 2024ರ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಮೇಲೆ ಕುಸಿದುಬಿದ್ದ ಸೇತುವೆಯನ್ನೂ ನೆನೆಯಬೇಕು. ಅದು ಕಾಂಕ್ರೀಟಿನದು, ಸಾವಿತ್ರಿಯ ಸೇತುವೆಯ ಅರ್ಧದಷ್ಟೂ ವಯಸ್ಸಾಗಿರಲಿಲ್ಲ. ಕಲ್ಲಿನ ಕಮಾನಿನ ಸೇತುವೆಗೆ ಮೇಲಿನ ಭಾರಕ್ಕಿಂತ ಕೆಳಗಿನ ಕೊರೆತವೇ ದೊಡ್ಡ ಶತ್ರು. ಹೊಳೆಯ ತಳದ ಮರಳು ಬರಿದಾದರೆ ಅಡಿಪಾಯ ಬೆತ್ತಲಾಗುತ್ತದೆ. ಕಲ್ಲಿನ ಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ ಸಸಿ ಮೊಳೆತರೆ ಅದರ ಬೇರು ಗಾರೆಯನ್ನು ಸೀಳಿ ಒಳಗೆ ಹೋಗುತ್ತದೆ, ಸಸಿ ಬೆರಳಿನಷ್ಟಿರುವಾಗ ಕಿತ್ತರೆ ಒಬ್ಬ ಕೂಲಿಯ ಕೆಲಸ, ತೋಳಿನಷ್ಟಾದ ಮೇಲೆ ಕಲ್ಲನ್ನೇ ಬಿಚ್ಚಬೇಕಾಗುತ್ತದೆ. ಇಂಥ ತಪಾಸಣೆಯ ವರದಿ ಮಳೆಗಾಲಕ್ಕೆ ಮೊದಲೊಮ್ಮೆ, ನಂತರ ಒಮ್ಮೆ ಪ್ರಕಟವಾಗಬೇಕು. ತಜ್ಞರು ಪರಿಶೀಲಿಸಿ ಸೇತುವೆ ಅಪಾಯಕಾರಿ ಎಂದರೆ ವಾಹನ ನಿಲ್ಲಿಸಿ. ಪೇಟೆಯವರು ಗೊಣಗುತ್ತಾರೆ, ಆದರೆ ಒಪ್ಪುತ್ತಾರೆ. ಬೈಪಾಸಿನ ಸೇತುವೆ ಇದೆ, ಸ್ವಲ್ಪ ಸುತ್ತಿ ಹೋದರಾಯಿತು. ವಾಹನ ನಿಂತರೂ ಸೇತುವೆ ನಿಲ್ಲಬೇಕು, ಏಕೆಂದರೆ ಅದು ಹೋದರೆ ಅದರ ಮೇಲಿನ ಅಳತೆಯ ಸರಣಿಯೂ ತುಂಡಾಗುತ್ತದೆ. ಹೊಸ ಕಂಬದ ಮೇಲೆ ಹೊಸ ಪಟ್ಟಿ ಬರೆದು, ಹಳೆಯ 53, 57 ಅಡಿಗಳೊಂದಿಗೆ ಅದನ್ನು ಸರಿಯಾಗಿ ಹೊಂದಿಸುವುದು ಹೇಳಿದಷ್ಟು ಸುಲಭವಲ್ಲ.

ದಾಖಲೆಯ ಬಗ್ಗೆಯೂ ಎರಡು ಮಾತು. ಸಂಸ್ಥಾನಗಳ ಕಾಲದ ಮರಾಠಿ ಕಾಗದಗಳು ಬಹಳಷ್ಟು ಮೋಡಿ ಎಂಬ ಹಳೆಯ ಕೂಡುಬರಹದ ಲಿಪಿಯಲ್ಲಿವೆ, ಅದನ್ನು ಸರಾಗವಾಗಿ ಓದುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸೇತುವೆಯ ಕಲ್ಲು ಎಲ್ಲಿಂದ ಬಂತು, ಗಾರೆಗೆ ಏನೇನು ಬೆರೆಸಿದರು, ಕೆಲಸಗಾರರು ಯಾವ ಊರಿನವರು, ಯಾವ ತಾಲೂಕಿನ ಜಮೆಯಿಂದ ಎಷ್ಟು ಹಣ ತೆಗೆದರು ಎಂಬುದನ್ನು ಸಂಸ್ಥಾನದ ದಫ್ತರಗಳಲ್ಲಿ ಹುಡುಕಿಸಲು ಈಗಲೇ ಮೋಡಿ ಬಲ್ಲವರನ್ನು ನೇಮಿಸಿದರೆ 2029ರೊಳಗೆ ಒಂದು ಒಳ್ಳೆಯ ಪುಸ್ತಕ ಆಗಬಹುದು. ಸಮಾರಂಭದ ಮಂಟಪಕ್ಕೆ ಖರ್ಚಾಗುವ ಹಣದಲ್ಲಿ ಇದರ ಬಹುಪಾಲು ಮುಗಿಯುತ್ತದೆ ಎಂದು ಲೆಕ್ಕ ಬರೆಯುವವನಾಗಿ ಧೈರ್ಯದಿಂದ ಹೇಳಬಲ್ಲೆ. ಆ ಪುಸ್ತಕದ ಕನ್ನಡ ಆವೃತ್ತಿಯನ್ನು ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೂ ತೇರದಾಳ, ಶಿರಹಟ್ಟಿಯ ಗ್ರಂಥಾಲಯಗಳಿಗೂ ಕಳಿಸಬೇಕು. ಜತ್ತದ ಮಕ್ಕಳು ಮಹಾರಾಷ್ಟ್ರದ ಪಠ್ಯವನ್ನೇ ಕನ್ನಡದಲ್ಲಿ ಓದುತ್ತಾರೆ. ತಮ್ಮ ಜಿಲ್ಲೆಯ ಸೇತುವೆಯ ಕಥೆಯನ್ನೂ ಕನ್ನಡದಲ್ಲಿ ಓದಲಿ. 1842ರಲ್ಲಿ ಹೊನ್ನಾವರದ ಕರ್ಕಿಯಿಂದ ಬಂದ ಭಾಗವತರ ಮೇಳದ ಆಟ ನೋಡಿ, ಅಂಥದ್ದನ್ನು ಮರಾಠಿಯಲ್ಲಿ ಆಡಿಸಬೇಕೆಂದು ಬಯಸಿದ ಅರಸರ ಊರು ಸಾಂಗ್ಲಿ. ವಿಷ್ಣುದಾಸ ಭಾವೆಯವರಿಂದ ಮರಾಠಿ ರಂಗಭೂಮಿ ಹುಟ್ಟಿದ್ದು ಹಾಗೆ. ಅಂಥ ಊರಿನಲ್ಲಿ ಕನ್ನಡದ ಒಂದು ಫಲಕ ನಿಂತರೆ ಯಾರ ಮನಸ್ಸೂ ನೋಯಲಾರದು ಎಂದು ನಾನು ನಂಬಿದ್ದೇನೆ.

ಫಲಕಕ್ಕಿಂತ ತುರ್ತಾದದ್ದು ದಿನವಹಿ ಸಂದೇಶ. ಮಳೆಗಾಲದಲ್ಲಿ ಸೇತುವೆಯ ಮಟ್ಟವನ್ನು ತಾವು ಪ್ರಕಟಿಸುವಾಗ, ಅದೇ ಸಂದೇಶವನ್ನು ಕನ್ನಡದಲ್ಲಿಯೂ ಒಂದೆರಡು ಸಾಲು ಬರೆದು, ಅದೇ ಗಳಿಗೆಗೆ ಹೊರಡಿಸಬೇಕು. ಎಷ್ಟು ಅಡಿ, ಏರುತ್ತಿದೆಯೋ ಇಳಿಯುತ್ತಿದೆಯೋ, ಕೊಯ್ನೆಯಿಂದ ಎಷ್ಟು ಬಿಟ್ಟಿದೆ, ರಾಜಾಪುರದಲ್ಲಿ ಎಷ್ಟು ಹರಿಯುತ್ತಿದೆ, ಇಷ್ಟು ಸಾಕು. ಎರಡು ರಾಜ್ಯಗಳ ಅಧಿಕಾರಿಗಳ ನಡುವೆ ಈ ಮಾಹಿತಿ ಹೋಗುತ್ತದೆ ಎಂಬುದನ್ನು ನಾನು ಬಲ್ಲೆ. ಅಧಿಕಾರಿಯಿಂದ ಅಧಿಕಾರಿಗೆ ಹೋದ ಅಂಕಿ ಹೊಳೆದಂಡೆಯ ತೋಟದ ಮನೆಗೆ ತಲುಪುವಷ್ಟರಲ್ಲಿ ಕಲ್ಲೋಳ–ಯಡೂರು ಸೇತುವೆ ನೀರಿನಡಿ ಹೋಗಿರುತ್ತದೆ. ತಮ್ಮ ಕಚೇರಿಯಲ್ಲಿ ಕನ್ನಡ ಬರೆಯುವವರು ಇಲ್ಲದಿದ್ದರೆ ಮೀರಜ, ಜತ್ತ ತಾಲೂಕುಗಳ ಕನ್ನಡ ಶಾಲೆಗಳ ಶಿಕ್ಷಕರು ಇದ್ದಾರೆ. ಸಾಂಗ್ಲಿ ಪೇಟೆಯಲ್ಲಿ ನನ್ನಂಥ ಗುಮಾಸ್ತರೂ ಇದ್ದಾರೆ. ಸಂಬಳ ಕೇಳುವುದಿಲ್ಲ.

ಕನ್ನಡ ಬಂಧುಗಳಲ್ಲಿಯೂ ಒಂದು ವಿನಂತಿ. ತೇರದಾಳ, ಶಹಾಪುರ, ಶಿರಹಟ್ಟಿ, ಉಗಾರಗಳ ಹಳೆಯ ಮನೆಗಳಲ್ಲಿ ಸಾಂಗ್ಲಿ ಸಂಸ್ಥಾನದ ಮುದ್ರೆಯಿರುವ ಕಂದಾಯದ ಪಾವತಿಗಳು, ಅಡತಿ ಅಂಗಡಿಯ ಪಟ್ಟಿಗಳು, ನೆರೆಯ ವರ್ಷಗಳ ಕಾಗದಗಳು, ಸೇತುವೆಯ ಚಿತ್ರಗಳು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮೂಲವನ್ನು ಯಾರಿಗೂ ಕೊಡಬೇಕಿಲ್ಲ. ಮೊಬೈಲಿನಲ್ಲಿ ಸ್ಪಷ್ಟವಾದ ಚಿತ್ರ ತೆಗೆದು, ಯಾವ ಊರು, ಯಾರ ಮನೆತನ, ಯಾವ ವರ್ಷ ಎಂದು ಬರೆದಿಟ್ಟುಕೊಳ್ಳಿ. ಹಾಗೆಯೇ ನಮ್ಮ ಕಡೆಯ ಸೇತುವೆಗಳ ಕಂಬಗಳ ಮೇಲೆ 2005, 2019, 2021ರ ನೀರಿನ ಗೆರೆಗಳನ್ನು ಬಣ್ಣದಲ್ಲಿ ಬರೆಸಿ ಎಂದು ತಮ್ಮ ಗ್ರಾಮ ಪಂಚಾಯತಿಗಳಿಗೆ ಕೇಳಿ. ಸಾಂಗ್ಲಿಗೆ ಬೇಡಿಕೆ ಇಡುವ ನಾವು ಕುಡಚಿಯಲ್ಲಿ ಅದನ್ನು ಮಾಡದಿದ್ದರೆ ನಮ್ಮ ಮಾತಿಗೆ ತೂಕವಿರುವುದಿಲ್ಲ.

ಮಾನ್ಯ ಜಿಲ್ಲಾಧಿಕಾರಿಗಳೇ, ಶತಮಾನೋತ್ಸವಕ್ಕೆ ಸಮಿತಿ ರಚಿಸುವಾಗ ಅದರಲ್ಲಿ ಜಲಸಂಪನ್ಮೂಲ ಇಲಾಖೆಯ ಒಬ್ಬ ಇಂಜಿನಿಯರು, ಮೋಡಿ ಬಲ್ಲ ಒಬ್ಬ ಇತಿಹಾಸಕಾರರು, ಮಾರ್ಕೆಟ್ ಯಾರ್ಡಿನ ಒಬ್ಬ ಪ್ರತಿನಿಧಿ ಮತ್ತು ಕನ್ನಡ ಶಾಲೆಯ ಒಬ್ಬ ಶಿಕ್ಷಕರು ಇರಲಿ. ಅಳತೆಪಟ್ಟಿಯ ಶೂನ್ಯಮಟ್ಟವನ್ನು ಬರೆಸುವ ಕೆಲಸಕ್ಕೆ ಮಾತ್ರ ಸಮಿತಿಯನ್ನೂ ಕಾಯಬೇಕಿಲ್ಲ, 2029ನ್ನೂ ಕಾಯಬೇಕಿಲ್ಲ. ಒಬ್ಬ ಪೇಂಟರ್, ಒಂದು ಏಣಿ ಮತ್ತು ತಮ್ಮ ಕಡತದ ಒಂದು ಅಂಕಿ ಇದ್ದರೆ ಬರುವ ಮೃಗಶಿರಾ ಮಳೆಗೆ ಮೊದಲೇ ಅದು ಮುಗಿಯುತ್ತದೆ.

ತಮ್ಮ ವಿಶ್ವಾಸಿ,
ಸಾಂಗ್ಲಿ ಪೇಟೆಯ ಒಬ್ಬ ಕನ್ನಡ ಗುಮಾಸ್ತ